ಹವಳಕ್ಕೊಂದು ದೀಪ

ಹೋದ ತಿಂಗಳು ಛತ್ರಿಯ ಕಡ್ಡಿ ಸರಿಮಾಡಿಕೊಡುವವನನ್ನು ಹುಡುಕಿಕೊಂಡು ಚೆನ್ನೈಯ ಪ್ಯಾರೀಸ್ ಕಾರ್ನರಿಗೆ ಹೋದವನು ಒಂದು ಹಳೆಯ ಸಾಮಾನಿನ ಅಂಗಡಿಯ ಮುಂದೆ ನಿಂತುಬಿಟ್ಟೆ. ಯಾವುದೋ ಸೀರೆ ಅಂಗಡಿಯವರು ತಮ್ಮ ದೀಪಗಳನ್ನೆಲ್ಲ ಕೀಳಿಸಿ ಎಲ್‌ಇಡಿ ಹಾಕಿಸಿಕೊಂಡಿರಬೇಕು. ಕಿತ್ತ ಮೆಟಲ್ ಹ್ಯಾಲೈಡ್ ದೀಪಗಳು ಫುಟ್‌ಪಾತಿನ ಮೇಲೆ ರಾಶಿಯಾಗಿ ಬಿದ್ದಿದ್ದವು. ಗಿರಾಕಿಯೊಬ್ಬನಿಗೆ ತೋರಿಸಲೆಂದು ಅಂಗಡಿಯವನು ಒಂದನ್ನು ಹಚ್ಚಿದ. ಆ ಜಾತಿಯ ದೀಪ ಸ್ವಿಚ್ಚು ಒತ್ತಿದ ಕೂಡಲೇ ಉರಿಯುವ ಪೈಕಿಯಲ್ಲ. ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸಭೆ ಪೂರ್ತಿ ಸೇರಿದೆ ಎಂದು ಖಾತ್ರಿಯಾದ ಮೇಲೆಯೇ ಬೆಳ್ಳಗೆ ಬೆಳಗುತ್ತದೆ. ಅಷ್ಟು ಹೊತ್ತಿಗೆ ಅದರ ತಗಡಿನ ಮುಚ್ಚಳದಿಂದ ಬಿಸಿ ಧೂಳಿನ ವಾಸನೆ ಎದ್ದಿತು. ಆ ವಾಸನೆಗೆ ಸ್ವಲ್ಪ ಸಮುದ್ರದ ಉಪ್ಪು ಬೆರೆತಿದ್ದರೆ ಪೂರ್ತಿಯಾಗುತ್ತಿತ್ತು ಎಂದುಕೊಳ್ಳುವಷ್ಟರಲ್ಲಿ ನನ್ನ ಬಲಗೈ ತೋರುಬೆರಳು ತಾನಾಗಿಯೇ ಮಡಚಿಕೊಂಡಿತು. ಮನುಷ್ಯ ಮರೆತದ್ದನ್ನು ಅವನ ಬೆರಳು ಮರೆತಿರುವುದಿಲ್ಲ.

ದೀಪಗಳ ವಿಷಯದಲ್ಲಿ ಒಂದು ಕಾಲಕ್ಕೆ ನನಗೆ ಅಭಿಪ್ರಾಯಗಳಿದ್ದವು. ಸಂಸಾರವಂದಿಗನಿಗೆ ಇರಬಾರದಷ್ಟು ಇದ್ದವು. ಮದರಾಸು ಚೆನ್ನೈಯಾಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ಮಳೆ ಕೈಕೊಟ್ಟು, ಕೀಲ್ಪಾಕಿನ ನಮ್ಮ ಬೀದಿಗೆ ನೀರು ಲಾರಿಯಲ್ಲಿ ಬರುತ್ತಿದ್ದ ವರ್ಷ. ಲಾರಿಯ ಹಾರನ್ನು ಕೇಳಿದರೆ ಹೈಕೋರ್ಟು ವಕೀಲರೂ ಪ್ಲಾಸ್ಟಿಕ್ ಕೊಡ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಅಂಥ ವರ್ಷದಲ್ಲಿ, ಎರಡನೇ ಮಹಡಿಯ ಒಂದು ಫ್ಲ್ಯಾಟಿನ ನಡುಮನೆಯಲ್ಲಿ, ಒಬ್ಬ ವಿಮಾ ಕಚೇರಿಯ ಅಧಿಕಾರಿ ಗಾಜಿನ ತೊಟ್ಟಿಯೊಳಗೆ ಹವಳದ ದಿಬ್ಬವನ್ನು ಸಾಕಲು ಹೊರಟಿದ್ದ. ನಿಜವಾದ ಸಮುದ್ರ ಬಸ್ಸಿಗೆ ಅರ್ಧ ಗಂಟೆಯ ದೂರದಲ್ಲಿ ಬಿಟ್ಟಿಯಾಗಿ ಬಿದ್ದಿದ್ದ ಊರಿನಲ್ಲಿ, ಕ್ಯಾನ್ ನೀರಿಗೆ ಉಪ್ಪಿನ ಪುಡಿ ಕಲಸಿ ಬೇರೊಂದು ಸಮುದ್ರವನ್ನು ತಯಾರಿಸುತ್ತಿದ್ದ. ಆ ಮಹನೀಯನು ನಾನೇ.

ತೊಟ್ಟಿ ನನಗೆ ಬಂದದ್ದು ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರಿಂದ. ಬಾಗಿಲು ತೆರೆದರೆ ನೇರ ಎದುರಿಗೆ ಕಾಣುವ ಗೋಡೆಗೆ ಅದನ್ನು ಇಟ್ಟೆವು, ಬೇರೆಲ್ಲಿಯೂ ಹಿಡಿಸುತ್ತಿರಲಿಲ್ಲ. ಅದರಲ್ಲಿ ಒಂದೇ ಒಂದು ಮೀನು, ಕಿತ್ತಳೆ ಬಣ್ಣದ್ದು, ಮೈಮೇಲೆ ಮೂರು ಬಿಳಿ ಪಟ್ಟೆ. ಮೀನಿಗೆ ಯಾವ ದೀಪವಾದರೂ ಆದೀತು. ತಕರಾರು ಇರುವುದು ಹವಳಕ್ಕೆ. ನಾನು ಸಾಕಲು ಹೊರಟದ್ದು ಒಡವೆಗೆ ಹಾಕುವ ಕೆಂಪು ಹವಳವಲ್ಲ, ನಾಯಿಕೊಡೆಯ ಆಕಾರದ, ತೊಗಲಿನಂತಿರುವ ಮೆತ್ತನೆಯ ಒಂದು ಜೀವಿ. ನಮ್ಮ ಕರಾವಳಿಯ ಹವಳವನ್ನು ಮುಟ್ಟಿದರೆ ಕಾನೂನು ನಮ್ಮನ್ನು ಮುಟ್ಟುತ್ತದೆ. ಆದ್ದರಿಂದ ಇದು ಕಾಗದಪತ್ರ ಸಮೇತ ಇಂಡೋನೇಷ್ಯಾದಿಂದ ವಿಮಾನದಲ್ಲಿ ಬಂದಿತ್ತು. ಅದು ಖುಷಿಯಾಗಿದ್ದಾಗ ಮೈತುಂಬ ಸಣ್ಣ ಸಣ್ಣ ಎಸಳು ಬಿಚ್ಚಿ ತೂಗುತ್ತದೆ. ಬೇಸರವಾದರೆ ಎಲ್ಲವನ್ನೂ ಒಳಗೆಳೆದುಕೊಂಡು ಹಳೆಯ ಚಪ್ಪಲಿಯ ಅಟ್ಟೆಯಂತೆ ಕೂರುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬೆಳಕಿನಲ್ಲಿ ಅಡುಗೆ ಮಾಡಿಕೊಂಡು ಮನೆಯ ಯಜಮಾನನಿಗೂ ಬಡಿಸುತ್ತದೆ. ಬೆಳಕು ಸಾಲದಿದ್ದರೆ ಒಲೆ ಹತ್ತುವುದಿಲ್ಲ. ಅತಿಯಾದರೆ ಅಡುಗೆಮನೆಗೇ ಬೆಂಕಿ ಬೀಳುತ್ತದೆ. ಆಗ ಹವಳ ಬಾಡಿಗೆದಾರರನ್ನು ಹೊರಗೆ ಹಾಕಿ, ಬಿಳುಚಿಕೊಂಡು, ಉಪವಾಸ ಸಾಯುತ್ತದೆ. ದೀಪದ ಆಯ್ಕೆ ಅದಕ್ಕೆ ಪ್ರಾಣದ ಪ್ರಶ್ನೆ.

ಮೊದಲನೆಯ ಹವಳ ಬೆಳಕು ಸಾಲದೆ ಸತ್ತಿತು. ಎರಡು ಟ್ಯೂಬ್‌ಲೈಟಿನ ಕೆಳಗೆ, ಯಾರ ಮೇಲೂ ದೂರು ಹೇಳದೆ, ಕಂದು ಬಣ್ಣಕ್ಕೆ ತಿರುಗಿ ಕರಗಿಹೋಯಿತು. ಆಗ ನಾನು ಗಂಭೀರನಾದೆ. ಅಣ್ಣಾ ನಗರದಲ್ಲಿದ್ದ ನನ್ನ ಗೆಳೆಯ ನರಸಿಂಹಮೂರ್ತಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ನೌಕರಿ ಸವೆಸಿದವನು, ದೀಪಗಳ ನಡುವೆಯೇ ತಲೆ ನರೆಸಿದವನು. ಅವನ ಮನೆಯ ಹತ್ತಿರವೇ ಬಣ್ಣದ ಮೀನು ಮಾರುವ ಬಾಬುವಿನ ಅಂಗಡಿ. ನಾವು ಮೂವರೂ ಪ್ರತಿ ಭಾನುವಾರ ಸಂಜೆ ಮೂರ್ತಿಯ ಮನೆಯ ಜಗಲಿಯಲ್ಲಿ ಸೇರಿ ಹವಳದ ದೀಪವನ್ನು ಕುರಿತು ಚರ್ಚಿಸುವ ಪರಿಪಾಠ ಶುರುವಾಯಿತು. ಮೂರ್ತಿಯ ಹೆಂಡತಿ ಇದನ್ನು ಸಮಿತಿ ಎನ್ನುತ್ತಿದ್ದಳು. ಆ ಮಾತಿನಲ್ಲಿದ್ದ ಚುಚ್ಚನ್ನು ಬಿಟ್ಟು ಗೌರವವನ್ನಷ್ಟೇ ನಾವು ತೆಗೆದುಕೊಂಡೆವು.

ಸಮಿತಿಯ ಮೊದಲ ನಿರ್ಣಯ: ಟ್ಯೂಬ್‌ಲೈಟು ಸಾಲದು, ಮೆಟಲ್ ಹ್ಯಾಲೈಡೇ ಆಗಬೇಕು. ಆಗ ಊರಿನಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ಬಟ್ಟೆ ಅಂಗಡಿಗಳಿಗೆ ಹಾಕುವ ಹಳದಿ ಛಾಯೆಯದು. ಪ್ಯಾರೀಸ್ ಕಾರ್ನರಿನಿಂದ ತಂದು, ತಗಡಿನ ಮುಚ್ಚಳ ಮಾಡಿಸಿ, ಸರಪಳಿಯಲ್ಲಿ ತೊಟ್ಟಿಯ ಮೇಲೆ ತೂಗುಹಾಕಿದೆ. ಬ್ಯಾಂಕಿನಿಂದ ಬಂದ ನನ್ನ ಹೆಂಡತಿ ಸುಮಿತ್ರ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಇದೇನ್ರೀ, ನಮ್ಮ ನಡುಮನೆ ರೇಷ್ಮೆ ಸೀರೆ ಅಂಗಡಿ ಆಗಿದೆ? ಬಂದೋರು ಬಾರ್ಡರ್ ತೋರ್ಸಿ ಅಂತಾರೆ."

"ಇದು ತಾತ್ಕಾಲಿಕ. ಬಣ್ಣ ಇನ್ನೂ ತೀರ್ಮಾನ ಆಗಿಲ್ಲ."

ಬಣ್ಣ ತೀರ್ಮಾನವಾಗಿ, ಬಾಬು ಸಿಂಗಪುರದಿಂದ ತರಿಸಿಕೊಟ್ಟ ನೀಲಿ ಬೆರೆತ ಬಿಳಿಯ ದೀಪ ಬಂದಿತು. ಅದಕ್ಕೆ ಹತ್ತು ಸಾವಿರ ಕೆಲ್ವಿನ್. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ; ಅದು ಏರಿದಷ್ಟೂ ಬೆಳಕು ನೀಲಿಯಾಗುತ್ತದೆ. ನೀಲಿ ಬೆಳಕು ಸಮುದ್ರದ ಆಳಕ್ಕೆ ಹೊಂದುತ್ತದೆ ಎಂದು ನಾನು ಊಟದ ಹೊತ್ತಿನಲ್ಲಿ ವಿವರಿಸಿದೆ. ಸುಮಿತ್ರ ಅನ್ನ ಕಲಸುತ್ತಾ ಸುತ್ತ ಕೂತವರ ಮುಖ ನೋಡಿದಳು.

"ಆಳಕ್ಕೇನೋ ಹೊಂದತ್ತೆ. ನಮ್ಮ ಮುಖಗಳಿಗೆ ಹೊಂದಲ್ಲ. ಎಲ್ಲಾ ನೀರಲ್ಲಿ ಮುಳುಗಿ ಎರಡು ದಿನ ಆದೋರ ಥರಾ ಕಾಣ್ತಿದೀವಿ."

ಇಷ್ಟಕ್ಕೆ ನಿಲ್ಲಲಿಲ್ಲ. ಕೈ ತೊಳೆದು ಬಂದು ತೀರ್ಪು ಕೊಟ್ಟಳು. "ನೋಡಿ, ಇನ್ನು ನಾನು ಈ ಮನೇಲಿ ಲೈಟ್ ಅನ್ನೋ ಮಾತೇ ಎತ್ತಲ್ಲ. ಅದರ ಬಗ್ಗೆ ಹೇಳಲ್ಲ, ಕೇಳಲ್ಲ. ದೀಪಾವಳಿ ತನಕ ಟೈಮು. ಅಷ್ಟರೊಳಗೆ ನಿಮ್ಮ ಹವಳ ಅರಳಿದ್ರೆ ಸರಿ. ಇಲ್ಲಾಂದ್ರೆ ಟ್ಯಾಂಕು ಬಾಬು ಅಂಗಡಿಗೆ, ಆ ಜಾಗಕ್ಕೆ ಅನಘಾಳ ಕಂಪ್ಯೂಟರ್."

ಅನಘಾ ನಮ್ಮ ಮಗಳು, ಒಂಬತ್ತನೆಯ ಕ್ಲಾಸು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವ ಆ ಊರಿನ ಕನ್ನಡದ ಮಕ್ಕಳ ಪೈಕಿ. "ಸೂಪರ್ಮಾ," ಎಂದಳು. ಅದು ಯಾವ ಭಾಷೆಯೋ, ಒಟ್ಟಿನಲ್ಲಿ ನನ್ನ ಪಕ್ಷದ್ದಲ್ಲ.

ಆ ಊಟದ ಪಂಕ್ತಿಯಲ್ಲಿ ಇಲ್ಲದವರು, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದವರು ನನ್ನ ಅತ್ತೆ ರುಕ್ಮಿಣಮ್ಮನವರು. ಮಾವನವರು ತೀರಿಕೊಂಡ ಮೇಲೆ ಆ ಬೇಸಿಗೆಯಲ್ಲಿ ಅರಸೀಕೆರೆಯಿಂದ ಹದಿನೈದು ದಿನಕ್ಕೆಂದು ಬಂದವರು ಉಳಿದುಕೊಂಡಿದ್ದರು. ಅತ್ತೆಯವರಿಗೂ ನನಗೂ ಪರಸ್ಪರ ಅಪಾರ ಗೌರವ. ಎಷ್ಟೆಂದರೆ ಮದುವೆಯಾದಂದಿನಿಂದ ನಾವಿಬ್ಬರೂ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಅವರ ಕಾಲದ ಮರ್ಯಾದೆಯೇ ಹಾಗೆ. ಅಳಿಯನ ಎದುರಿಗೆ ಕೂರುವುದಿಲ್ಲ, ಅಳಿಯನ ಹತ್ತಿರ ಮಾತಾಡುವುದಿಲ್ಲ, ಅಳಿಯ ನಡುಮನೆಗೆ ಬಂದರೆ ತಾವು ಒಳಗೆ. ನಾನು ಎರಡಡಿ ದೂರದಲ್ಲಿದ್ದರೂ, "ಸುಮೀ, ಅಳಿಯಂದಿರಿಗೆ ಇನ್ನೊಂದ್ ಸ್ವಲ್ಪ ಹುಳಿ ಬೇಕಾ ಕೇಳೇ," ಎನ್ನುವರು. "ಸಾಕು ಅಂತ ಹೇಳು," ಎಂದು ನಾನು. ಸುಮಿತ್ರ ಹೇಳುವ ಗೊಡವೆಗೇ ಹೋಗುತ್ತಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೆ ಆ ದಾರಿಯಲ್ಲದೆ ಬೇರೆ ದಾರಿಯಲ್ಲಿ ಮಾತು ಹೋಗುವಂತಿರಲಿಲ್ಲ.

ಹಗಲೆಲ್ಲ ಆಕೆ ಒಬ್ಬರೇ. ತಮಿಳು ಬಾರದು, ಪಕ್ಕದ ಮನೆಯಾಕೆ ನಕ್ಕರೆ ನಗುವುದು, ಅಷ್ಟೇ. ಬಂದ ಹೊಸತರಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಆಮೇಲೆ ಒಂದು ದಿನ ಅನಘಾ ಶಾಲೆಯಿಂದ ಬಂದಾಗ ಅಜ್ಜಿ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಮೀನಿನ ಹತ್ತಿರ ಅರಸೀಕೆರೆಯ ತೆಂಗಿನಕಾಯಿಯ ಸಮಾಚಾರ ಮಾತಾಡುತ್ತಿದ್ದರಂತೆ. ಮೂರು ಬಿಳಿ ಪಟ್ಟೆ ಕಂಡು ಅದಕ್ಕೆ ವಿಭೂತಪ್ಪ ಎಂದು ಹೆಸರಿಟ್ಟಿದ್ದರು. ಹವಳಕ್ಕೆ ಹೆಸರಿಡಲಿಲ್ಲ, "ಪಾಪ, ಅದು" ಎನ್ನುತ್ತಿದ್ದರು.

ಪಾಪ ಎನ್ನುವ ಹಾಗೆಯೇ ಇತ್ತು. ಎರಡನೆಯ ಹವಳ ಬಂದ ಮೊದಲ ಕೆಲವು ದಿನ ಚೆಲುವಾಗಿ ಅರಳಿ, ಆಮೇಲೆ ಮುದುಡತೊಡಗಿತು. ನಾನು ಎಂಟೂವರೆಗೆ ಆಫೀಸಿಗೆ ಹೊರಡುವಾಗ ದೀಪ ಹಚ್ಚುತ್ತಿದ್ದೆ. ಸಂಜೆ ಐದಕ್ಕೆ ಅನಘಾ ಟ್ಯೂಷನ್ನಿಗೆ ಹೋಗುವ ಮೊದಲು ಆರಿಸುತ್ತಿದ್ದಳು. ಸೂರ್ಯನ ಡ್ಯೂಟಿಯನ್ನು ನೋಡಿಕೊಂಡೇ ಮಾಡಿದ ಏರ್ಪಾಡು. ಆದರೂ ಹವಳ ದಿನದಿಂದ ದಿನಕ್ಕೆ ಬಿಳುಚಿಕೊಂಡಿತು.

ಭಾನುವಾರ ಸಮಿತಿಯಲ್ಲಿ ವಿಷಯ ಮಂಡಿಸಿದೆ. ಮೂರ್ತಿ ಎಲೆಯಡಿಕೆ ಮೆಲ್ಲುತ್ತಾ ಹೇಳಿದ.

"ಸಿಗ್ನಲ್ ಕಾಣ್ದೆ ಇದ್ರೆ ಎರಡೇ ಕಾರಣ ಸ್ವಾಮಿ. ದೀಪ ದೂರ ಇರ್ಬೇಕು, ಇಲ್ಲಾ ಗಾಜು ಕೊಳಕಿರ್ಬೇಕು."

"ನಮ್ಮ ಹವಳ ರೈಲು ಓಡಿಸ್ತಾ ಇಲ್ಲವಲ್ಲ ಮೂರ್ತಿ."

"ಓಡಿಸ್ತಿಲ್ಲ, ನಿಂತುಬಿಟ್ಟಿದೆ. ಅದೇ ತಾನೆ ನಿಮ್ಮ ಕಂಪ್ಲೇಂಟು? ಸಿಗ್ನಲ್ ಸಿಕ್ಕಿಲ್ಲ ಅದಕ್ಕೆ. ಲೈಟು ಕೆಳಗೆ ಇಳ್ಸಿ."

ಬಾಬು ಒಪ್ಪಲಿಲ್ಲ. "ಸಾರ್, ಅದು ಸಾಗಲೆ ಸಾರ್. ಕೋಬಮಾ ಇರುಕ್ಕು," ಎಂದ. ಸಾಯುತ್ತಿಲ್ಲ, ಸಿಟ್ಟಾಗಿದೆ ಎಂಬುದು ಅವನ ರೋಗನಿದಾನ. ಸಿಟ್ಟಿಗೆ ಮದ್ದು ಇನ್ನೂ ಹೆಚ್ಚಿನ ಕೆಲ್ವಿನ್. ಅಂಥ ದೀಪ ಅವನ ಅಂಗಡಿಗೆ ಆಗತಾನೆ ಬಂದಿತ್ತು ಎಂಬುದು ಕಾಕತಾಳೀಯ.

ನಾನು ಇಬ್ಬರನ್ನೂ ನಂಬುವ ಸ್ವಭಾವದವನು. ದೀಪವನ್ನು ಒಂದು ಗೇಣು ಇಳಿಸಿದೆ. ಕೆಲ್ವಿನ್ ಏರಿಸಿದೆ. ಹವಳ ಇನ್ನಷ್ಟು ಕುಗ್ಗಿತು. ಮತ್ತೆ ಅರ್ಧ ಗೇಣು ಏರಿಸಿದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನೀರಿನ ಉಷ್ಣ ನೋಡುತ್ತಿದ್ದೆ; ಸರಿಯಾಗಿಯೇ ಇರುತ್ತಿತ್ತು. ಇದರ ಜೊತೆಗೆ ದೀಪಕ್ಕೂ ಒಂದು ಕಾಯಿಲೆ ಹತ್ತಿತು. ಆಫೀಸಿಗೆ ಆಗ ಹೊಸ ಕಂಪ್ಯೂಟರುಗಳು ಬಂದು, ಕೆಲಸ ಬೇಗ ಮುಗಿಯಲೆಂದು ನಮ್ಮನ್ನೆಲ್ಲ ತಡವಾಗಿ ಮನೆಗೆ ಕಳಿಸುತ್ತಿದ್ದ ಕಾಲ. ರಾತ್ರಿ ಊಟಕ್ಕೆ ಮೊದಲು ಹವಳದ ಮುಖ ಒಮ್ಮೆ ನೋಡೋಣವೆಂದು ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿರಲಿಲ್ಲ. ಗುಂಯ್ ಎನ್ನುವುದು, ಸುಮ್ಮನಾಗುವುದು. ಬೆಳಿಗ್ಗೆ ಒತ್ತಿದರೆ ಒಳ್ಳೆಯ ವಿದ್ಯಾರ್ಥಿಯ ಹಾಗೆ ಎದ್ದು ನಿಲ್ಲುವುದು. ಪ್ಯಾರೀಸ್ ಕಾರ್ನರಿಗೆ ಹೋಗಿ ಹೊಸ ಚೋಕು ತಂದು ಹಾಕಿಸಿದೆ. ಆಗಲಿಲ್ಲ. ಇನ್ನೊಂದು ಅಂಗಡಿಯ ಚೋಕು ಹಾಕಿಸಿದೆ. ಕೊನೆಗೆ ಮೂರ್ತಿ, "ಕೆಲವು ದೀಪಕ್ಕೆ ನೈಟ್ ಡ್ಯೂಟಿ ಆಗ್ಬರಲ್ಲ," ಎಂದು ಕಡತ ಮುಚ್ಚಿದ.

ಇದಕ್ಕೆಲ್ಲ ಮೊದಲೇ, ಹವಳ ಇನ್ನೂ ಅರಳಿದ್ದ ದಿನಗಳಲ್ಲಿ, ಅಡುಗೆಮನೆಯಿಂದ ಒಂದು ಪ್ರಶ್ನೆ ಬಂದಿತ್ತು. ನಾನು ಮನೆಯಲ್ಲಿದ್ದ ಒಂದು ರಜೆಯ ದಿನ, ಮುಸ್ಸಂಜೆ. ಅತ್ತೆಯವರು ದೇವರ ದೀಪ ಹಚ್ಚಿ ಬಾಗಿಲು ತೆರೆದು ಬಂದವರು ಒಳಗಿನಿಂದ ಮಗಳನ್ನು ಕೇಳಿದರು. "ಸುಮೀ, ದೀಪ ಹಚ್ಚೋ ಹೊತ್ತಲ್ಲಿ ಅದನ್ಯಾಕೆ ಕತ್ತಲೆ ಮಾಡಿಟ್ಟಿದಾರೆ ಕೇಳೇ. ಲಕ್ಷ್ಮಿ ಬರೋ ಬಾಗಿಲ ಎದುರಿಗೇ ಅಷ್ಟು ದೊಡ್ಡ ಕತ್ತಲೆ ಪೆಟ್ಟಿಗೆ."

ನಾನು ಸಂತೋಷದಿಂದ ಉತ್ತರ ಹೇಳಿದೆ. ಪಾಚಿಯ ಅಡುಗೆ, ಅದರ ವಿಶ್ರಾಂತಿ, ಸಮುದ್ರದ ಹಗಲು ಮತ್ತು ಇರುಳು, ಎಲ್ಲವನ್ನೂ ಹೇಳಿದೆ. ಸುಮಿತ್ರ ಕಾಫಿ ಕುಡಿದು ಲೋಟ ಕೆಳಗಿಡುವವರೆಗೂ ಹೇಳಿದೆ. ಲೈಟಿನ ಮಾತು ಎತ್ತುವುದಿಲ್ಲವೆಂದು ಶಪಥ ಮಾಡಿದ್ದವಳು ನನ್ನ ಉಪನ್ಯಾಸವನ್ನು ಒಳಗೆ ತಲುಪಿಸಿದ್ದು ಹೀಗೆ: "ಕರೆಂಟು ಜಾಸ್ತಿ ಆಗತ್ತಂತಮ್ಮ."

ಅತ್ತೆಯವರಿಗೆ ಸಮಾಧಾನವಾಯಿತು ಎಂದು ನಾನು ತಿಳಿದೆ.

ತಮಿಳರ ಆಡಿ ತಿಂಗಳು, ನಮ್ಮ ಆಷಾಢ, ಕಳೆದು, ನವರಾತ್ರಿಯ ಗೊಂಬೆಗಳು ಮೆಟ್ಟಿಲೇರಿ ಇಳಿದು, ಬೀದಿಗಳಲ್ಲಿ ಪಟಾಕಿ ಅಂಗಡಿಯ ಬಿದಿರು ನೆಡತೊಡಗಿದರು. ಹವಳ ಕೊನೆಯ ಘಟ್ಟಕ್ಕೆ ಬಂದಿತ್ತು. ಮುಟ್ಟಿದರೆ ಮೈ ಬಿಡುವಷ್ಟು ಸೋತಿತ್ತು. ಅನಘಾ ಇಂಚುಪಟ್ಟಿ ತಂದು ತೊಟ್ಟಿಯ ಜಾಗಕ್ಕೆ ಕಂಪ್ಯೂಟರ್ ಮೇಜು ಹಿಡಿಸುತ್ತದೆಯೇ ಎಂದು ಅಳೆದುಕೊಂಡಿದ್ದಳು. ಇನ್ನೊಂದು ವಿಚಿತ್ರವನ್ನೂ ನಾನು ಆಗ ಗಮನಿಸಿದ್ದೆ. ರಜೆಯ ಮಧ್ಯಾಹ್ನಗಳಲ್ಲಿ ಎದ್ದು ಬಂದರೆ ಅತ್ತೆಯವರು ಫ್ಯಾನು ಹಾಕಿಕೊಳ್ಳದೆ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ತೊಟ್ಟಿಯ ಮುಂದೆ ಕೂತಿರುತ್ತಿದ್ದರು. ನನ್ನನ್ನು ಕಂಡು ಎದ್ದು ಒಳಗೆ ಹೋಗುತ್ತಿದ್ದರು. ಚೆನ್ನೈಯ ಸೆಖೆ ಕೆಲವರಿಗೆ ಹಿಡಿಸುತ್ತದೆ ಎಂದುಕೊಂಡೆ. ಇಂಥ ತೀರ್ಮಾನಗಳಿಗೆ ಬರುವುದರಲ್ಲಿ ನಾನು ಚುರುಕು.

ಆ ಸಂಜೆ ಮಳೆ ಸಣ್ಣಗೆ ಹನಿಯುತ್ತಿತ್ತು. ಆಫೀಸಿನ ಕಂಪ್ಯೂಟರುಗಳೆಲ್ಲ ಏಕಕಾಲಕ್ಕೆ ಕೈಚೆಲ್ಲಿದ್ದರಿಂದ ಎಂದಿಗಿಂತ ಬೇಗ ಬಂದೆ. ಸ್ಕೂಟರು ನಿಲ್ಲಿಸಿ ಮೇಲೆ ಬರುವಷ್ಟರಲ್ಲಿ ನಡುಮನೆ ಎಂದಿನಂತೆ ಖಾಲಿ. ಅತ್ತೆಯವರು ಒಳಗೆ, ಸುಮಿತ್ರ ಅಡುಗೆಮನೆಯಲ್ಲಿ, ಅನಘಾ ಪುಸ್ತಕದ ಮುಂದೆ. ಸ್ವಿಚ್ಚು ಒತ್ತಿದೆ. ಗುಂಯ್. ಇವತ್ತು ಬಿಡುವುದಿಲ್ಲ ಎಂದು ತಂತಿ ನೋಡಲು ಮುಚ್ಚಳವನ್ನು ಎತ್ತಹೋದೆ. ತೋರುಬೆರಳು ಚುರ್ ಎಂದಿತು. ಆ ತಗಡು ದೋಸೆಯ ಹೆಂಚಿನಷ್ಟು ಕಾದಿತ್ತು.

ಬೆರಳನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದೆ. ಆ ಜಾತಿಯ ದೀಪಕ್ಕೆ ಒಂದು ಗುಣವಿದೆ: ಬಿಸಿಯಿದ್ದಾಗ ಆರಿಸಿದರೆ, ತಣ್ಣಗಾಗುವ ತನಕ ಮತ್ತೆ ಹತ್ತುವುದಿಲ್ಲ. ಅದು ನನಗೂ ಗೊತ್ತಿತ್ತು, ಮೂರ್ತಿಗೂ ಗೊತ್ತಿತ್ತು, ಬಾಬುವಿಗೂ ಗೊತ್ತಿತ್ತು. ಐದಕ್ಕೆ ಆರಿದ ದೀಪ ಇಷ್ಟು ಹೊತ್ತಿಗೂ ಕಾದಿರಲು ಸಾಧ್ಯವಿಲ್ಲ. ಅಂದರೆ ಅದು ಈಗಷ್ಟೇ ಆರಿದೆ.

"ಅನಘಾ," ಎಂದು ಮೆಲ್ಲಗೆ ಕರೆದೆ. "ಈ ಲೈಟು ಯಾರು ಹಾಕಿದ್ದು?"

"ಅಜ್ಜಿ. ಡೈಲಿ ಪೋಡ್ರಾಂಗಳೇಪ್ಪಾ. ನೀಂಗ ಸೊನ್ನೀಂಗನ್ನು ನೆನಚ್ಚೇನ್." ಅಜ್ಜಿ ದಿನಾ ಹಾಕುತ್ತಾರೆ, ನೀವೇ ಹೇಳಿರಬೇಕು ಅಂದುಕೊಂಡೆ, ಎಂಬುದು ಅದರ ಅರ್ಥ. ಟ್ಯೂಷನ್ನಿನಿಂದ ಬಂದಾಗಲೆಲ್ಲ ಅದು ಉರಿಯುತ್ತಿರುತ್ತಿತ್ತಂತೆ. "ಅದಕ್ಕೇ ಮದ್ಯಾನ್ನಂ ಫ್ಯಾನ್ ಪೋಡ ಮಾಟ್ಟಾಂಗ. ಕರೆಂಟ್ ಸರಿಯಾಯಿಡುಮಾಮ್."

ಮಧ್ಯಾಹ್ನ ಫ್ಯಾನು ಹಾಕಿಕೊಳ್ಳದೆ ಉಳಿಸಿದ ಕರೆಂಟು ಸಂಜೆಯ ದೀಪಕ್ಕೆ ವಜಾ.

ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಲಕ್ಷ್ಮಿ ಬರುವ ಹೊತ್ತಿಗೆ ಬಾಗಿಲ ಎದುರು ಕತ್ತಲೆ ಇರಬಾರದು. ಅಳಿಯಂದಿರು ಬಿಲ್ಲಿಗೆ ಅಂಜಿ ಆರಿಸಿಡುತ್ತಾರೆ, ಪಾಪ. ಅವರಿಗೆ ಖರ್ಚಾಗದಂತೆ, ಅವರಿಗೆ ಹೇಳಿ ಸಂಕೋಚಕ್ಕೀಡುಮಾಡದಂತೆ, ತಾವೇ ಹಚ್ಚಿದರಾಯಿತು. ನನ್ನ ಸ್ಕೂಟರಿನ ಸದ್ದು ಕೇಳಿದರೆ ನಡುಮನೆ ಬಿಟ್ಟು ಏಳುವುದು ಮರ್ಯಾದೆ. ಏಳುವಾಗ ದೀಪವನ್ನು ಶಾಂತ ಮಾಡಿ ಹೋಗುವುದು ಅಭ್ಯಾಸ. ಹೀಗಾಗಿ ದಿನವೂ ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಆಕೆ ಆರಿಸಿರುತ್ತಿದ್ದರು. ಭಾನುವಾರ ಸಂಜೆ ನಾನು ಅಣ್ಣಾ ನಗರದ ಜಗಲಿಯಲ್ಲಿ ಹವಳ ಯಾಕೆ ಬಿಳುಚುತ್ತಿದೆ ಎಂದು ಚರ್ಚಿಸುತ್ತಿದ್ದಾಗ, ಇಲ್ಲಿ ಅದರ ನೆತ್ತಿಯ ಮೇಲೆ ಎರಡನೆಯ ಸೂರ್ಯ ಹುಟ್ಟಿರುತ್ತಿದ್ದ. ಹವಳಕ್ಕೆ ನಾವು ಕೊಟ್ಟದ್ದು ತಪ್ಪು ದೀಪವಲ್ಲ. ಎರಡು ಹಗಲು.

ಅಡುಗೆಮನೆಗೆ ಹೋಗಿ ಸುಮಿತ್ರಳಿಗೆ ಪಿಸುಗುಟ್ಟಿದೆ. "ನೀನು ಏಳು ಗಂಟೆಗೆ ಬರ್ತೀಯಲ್ಲ, ಉರೀತಿರೋದು ಕಾಣ್ಲಿಲ್ವಾ?"

"ಕಾಣ್ತಿತ್ತು. ನಿಮ್ಮ ಸಮಿತಿದು ಹೊಸ ಆರ್ಡರ್ ಅಂದ್ಕೊಂಡೆ. ನಾನು ಶಪಥ ಮಾಡಿದೀನಲ್ಲ." ಎಂದವಳು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ನಕ್ಕು ಮುಗಿದ ಮೇಲೆ ಮುಖ ಬೇರೆಯಾಯಿತು. "ಅಮ್ಮನಿಗೆ ಹೇಳ್ತೀರಾ?"

"ನೀನೇ ಹೇಳ್ಬೇಕಲ್ಲ, ವಾಡಿಕೆ ಪ್ರಕಾರ."

"ನಾನಂತೂ ಹೇಳಲ್ಲಪ್ಪ. ಅಮ್ಮ ಈ ಮನೇಲಿ ಬಾಯ್ಬಿಟ್ಟು ಮಾತಾಡೋದು ಆ ಟ್ಯಾಂಕ್ ಮುಂದೆ ಮಾತ್ರ. ಅದು ಸಾಯ್ತಿರೋದು ನಿನ್ನಿಂದಲೇ ಅಂದ್ರೆ, ನಾಳೆ ಬೆಳಿಗ್ಗೆ ಅರಸೀಕೆರೆಗೆ ಟಿಕೆಟ್ ತೆಗೆಸು ಅಂತಾಳೆ. ಅಲ್ಲಿ ಗೋಡೆ ಜೊತೆ ಮಾತಾಡ್ಬೇಕು." ಆಮೇಲೆ ನನ್ನ ಕೈ ನೋಡಿದಳು. "ಬೆರಳಿಗೇನಾಯ್ತು?"

"ಆಫೀಸ್ ಕ್ಯಾಂಟೀನಲ್ಲಿ ಟೀ ಚೆಲ್ತು," ಎಂದೆ, ಒಳಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಆ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಬೆರಳನ್ನು ಊದಿಕೊಳ್ಳುತ್ತಾ ನಾನು ಸೂರ್ಯನ ಡ್ಯೂಟಿಯನ್ನು ಮರುಪರಿಶೀಲಿಸಿದೆ. ಗಾಜಿನ ತೊಟ್ಟಿಯೊಳಗಿನ ಸಮುದ್ರ ಕೀಲ್ಪಾಕಿನ ಸೂರ್ಯನನ್ನೇ ಅನುಸರಿಸಬೇಕೆಂದು ಯಾವ ಕಾನೂನಿದೆ? ಅದಕ್ಕೆ ಬೇಕಾದದ್ದು ಒಂದು ಹಗಲು. ಅದು ಯಾವಾಗ ಶುರುವಾದರೇನು?

ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಅಡುಗೆಮನೆಯ ಬಾಗಿಲ ಕಡೆ ಕಿವಿಯಿಟ್ಟು, ಅನಘಾಳಿಗೆಂದು ಘೋಷಣೆ ಹೊರಡಿಸಿದೆ. "ಕೇಳಮ್ಮ. ತಜ್ಞರು ಹೇಳಿದಾರೆ, ಇಷ್ಟು ದಿನ ನಾವು ಮಾಡಿದ್ದು ತಪ್ಪು. ಹಗಲು ಹೊತ್ತು ಈ ದೀಪ ಹಚ್ಚಲೇಬಾರದು. ಮುಸ್ಸಂಜೆ, ದೇವರ ದೀಪ ಹಚ್ಚೋ ಹೊತ್ತಿಗೇ ಹಚ್ಚಬೇಕು. ನಾನು ಬಂದಮೇಲೂ ಆರಿಸಬಾರದು. ಮಲಗೋವಾಗ ನಾನೇ ಆರಿಸ್ತೀನಿ. ಹಚ್ಚೋದು ಮಾತ್ರ ಒಂದು ದಿನಾನೂ ತಪ್ಪದೆ, ನಂಬಿಕಸ್ಥರು ಯಾರಾದ್ರೂ ಹಚ್ಚಬೇಕು. ಇನ್ನೊಂದು. ಮಧ್ಯಾಹ್ನ ಈ ನಡುಮನೆ ಫ್ಯಾನು ಓಡಲೇಬೇಕು. ಇಲ್ದಿದ್ರೆ ನೀರು ಕಾದು ಮೀನಿಗೆ ಆಗಲ್ಲ."

ಕೊನೆಯದು ಅರ್ಧ ನಿಜವೂ ಆಗಿತ್ತು. ಗಾಳಿಯಾಡಿದರೆ ತೊಟ್ಟಿಯ ನೀರು ತಣಿಯುತ್ತದೆ.

ಒಳಗೆ ಒಗ್ಗರಣೆಯ ಸೌಟು ನಿಂತಿತು. ದನಿ ಬಂದಿತು. "ಸುಮೀ, ಆರು ಗಂಟೆಗೆ ಹಚ್ಚಿದ್ರೆ ಸರಿಹೋಗತ್ತಾ ಕೇಳೇ."

"ಸರಿಹೋಗತ್ತೆ ಅಂತ ಹೇಳು," ಎಂದೆ.

ಹವಳವನ್ನು ತೊಟ್ಟಿಯ ಕೆಳಭಾಗಕ್ಕೆ, ಕಲ್ಲಿನ ನೆರಳಿಗೆ ಇಳಿಸಿದೆ. ದೀಪವನ್ನು ಮೇಲಕ್ಕೆತ್ತಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಆರು ಗಂಟೆಗೆ ಎರಡು ದೀಪ ಹತ್ತತೊಡಗಿದವು, ಒಂದು ಎಣ್ಣೆಯದು, ಒಂದು ಸಾವಿರಾರು ಕೆಲ್ವಿನ್‌ನದು. ಹೊರಗೆ ಬಾವಲಿಗಳು ಹೊರಡುವಾಗ ತೊಟ್ಟಿಯಲ್ಲಿ ಬೆಳಗಾಗುತ್ತಿತ್ತು. ನಾವು ಊಟಕ್ಕೆ ಕೂತಾಗ ಅಲ್ಲಿ ನಡುಹಗಲು. ಭಾನುವಾರದ ಜಗಲಿಯಲ್ಲಿ ಸಂಗತಿಯನ್ನು ನಾನು ಬಿಚ್ಚಿಡಲಿಲ್ಲ. ದೀಪ ಮೇಲೆತ್ತಿದೆ, ಹವಳ ಹಾಗೇ ಇದೆ, ಎಂದಷ್ಟೇ ಹೇಳಿದೆ. ಮೂರ್ತಿ ದೂರದ ಲೆಕ್ಕ ತನ್ನದೇ ಎಂದ. ಬಾಬು ಕೆಲ್ವಿನ್ ತನ್ನದು ಎಂದ. ಇಬ್ಬರಿಗೂ ಅವರವರ ಪಾಲಿನ ಕೀರ್ತಿಯನ್ನು ಮುಂಗಡವಾಗಿ ಹಂಚಿದೆ. ಹವಳ ಮಾತ್ರ ಯಾರಿಗೂ ಏನನ್ನೂ ಕೊಡದೆ ಅಟ್ಟೆಯ ಹಾಗೆ ಬಿದ್ದಿತ್ತು.

ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಆ ವರ್ಷ ಆ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ಸ್ವಲ್ಪ ಧೈರ್ಯವೇ ಬೇಕಿತ್ತು. ಮಳೆ ಆಗತಾನೆ ಶುರುವಾಗಿತ್ತು, ನಲ್ಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಸುಮಿತ್ರ ಮತ್ತು ಅನಘಾ ಬಟ್ಟೆ ತರಲು ಟಿ. ನಗರಕ್ಕೆ ಹೋಗಿ ಮಳೆಗೆ ಸಿಕ್ಕಿಕೊಂಡಿದ್ದರು. ನಾನು ರಜೆ ಹಾಕಿ ಮನೆಯಲ್ಲಿದ್ದೆ, ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಮನೆಯಲ್ಲಿ ಅತ್ತೆಯವರು ಮತ್ತು ನಾನು, ಇಬ್ಬರೇ.

ಆರು ಗಂಟೆಗೆ ಇಣುಕಿ ನೋಡಿದರೆ, ಬಚ್ಚಲಿನ ಹಂಡೆಗೆ ಹಾಕಬೇಕಾಗಿದ್ದ ಸೇವಂತಿಗೆಯ ಸರವನ್ನು ಅತ್ತೆಯವರು ತೊಟ್ಟಿಗೆ ಕಟ್ಟುತ್ತಿದ್ದರು. ಗಾಜಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಯೋಚಿಸಿ ನೋಡಿದರೆ ನ್ಯಾಯವೇ. ನಮ್ಮ ಮನೆಯಲ್ಲಿ ಕಂಠಮಟ್ಟ ನೀರು ತುಂಬಿದ್ದ ಪಾತ್ರೆ ಅದೊಂದೇ. ಆಮೇಲೆ ಸ್ವಿಚ್ಚು ಒತ್ತಿ, ಮಣೆ ಎಳೆದುಕೊಂಡು ಕೂತರು. ನಾನು ಪತ್ರಿಕೆಗೆ ಮರಳಿದೆ.

ಎಷ್ಟೋ ಹೊತ್ತಿನ ಮೇಲೆ ನಡುಮನೆಯಿಂದ ಒಂದು ಕೆಮ್ಮು ಕೇಳಿಸಿತು. ಇನ್ನೊಂದು ಕೆಮ್ಮು. ಹೊರಗೆ ಬಂದೆ. ಅತ್ತೆಯವರು ಏಳಲು ಹೋಗಿ, ಏಳದೆ, ತೊಟ್ಟಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದರು. ಮಾತು ಬಾಯಿಗೆ ಬಂದಿದೆ, ದಾಟಿಸುವವರಿಲ್ಲ. ಸುಮಿತ್ರ ಇಲ್ಲ, ಅನಘಾ ಇಲ್ಲ. ಕೊನೆಗೆ ಗಾಜಿನ ಹತ್ತಿರ ಬಗ್ಗಿದರು.

"ವಿಭೂತಪ್ಪಾ," ಎಂದರು. "ಅಳಿಯಂದಿರಿಗೆ ಹೇಳಪ್ಪ. ಅದು ಅರಳಿದೆ ಅಂತ."

ಬಗ್ಗಿ ನೋಡಿದೆ. ಕಲ್ಲಿನ ಮರೆಯಲ್ಲಿ, ಅಟ್ಟೆಯ ಅಂಚಿನಲ್ಲಿ ಒಂದು ಬೆರಳಗಲ ಜಾಗದಲ್ಲಿ ಸಣ್ಣ ಸಣ್ಣ ಎಸಳುಗಳು ಬಿಚ್ಚಿ ನೀರಿಗೆ ತೂಗುತ್ತಿದ್ದವು. ಬಿಳುಪಿನಡಿಯಿಂದ ಕಂದು ಬಣ್ಣ ಮೆಲ್ಲಗೆ ಮರಳಿತ್ತು. ಬಾಡಿಗೆದಾರರು ಹಿಂದಿರುಗಿದ್ದರು. ಆ ದೀಪದ ಹಾಗೆ ನಾನೂ ಮೊದಲು ಗಂಟಲು ಸರಿಮಾಡಿಕೊಂಡೆ.

"ವಿಭೂತಪ್ಪ," ಎಂದೆ. "ಅತ್ತೆಯವರಿಗೆ ಹೇಳು, ನೋಡಿದೆ ಅಂತ. ಅವರು ದಿನಾ ತಪ್ಪದೆ ದೀಪ ಹಚ್ಚಿದ್ದಕ್ಕೇ ಅಂತ."

ಮೀನು ನನ್ನ ಕಡೆಯಿಂದ ಅವರ ಕಡೆಗೆ ಒಂದು ಸುತ್ತು ಹಾಕಿತು. ಅತ್ತೆಯವರು ಸೆರಗು ಸರಿಮಾಡಿಕೊಂಡರು.

"ಇನ್ನೊಂದು ಮಾತು ಕೇಳಪ್ಪ. ಅವತ್ತು ಆ ತಗಡು ಮುಟ್ಟಿ ಬೆರಳು ಸುಟ್ಕೊಂಡ್ರಲ್ಲ, ಅದು ವಾಸಿಯಾಯ್ತಾ ಅಂತ."

ಅವತ್ತು ಒಳಕೋಣೆಗೆ ಕೇಳಿಸಲೆಂದು ಗಟ್ಟಿಯಾಗಿ ಹೇಳಿದ ಟೀ ಕಥೆ ನೆನಪಾಗಿ, ನಾನು ಗಾಜಿನ ಮೇಲಿನ ಅರಿಸಿನವನ್ನು ನೋಡುತ್ತಾ ನಿಂತೆ. ಹೊರಗೆ ಮಳೆ ಜೋರಾಗಿತ್ತು.

"ವಾಸಿಯಾಯ್ತು ಅಂತ ಹೇಳು," ಎಂದೆ.

ಅತ್ತೆಯವರು ಎದ್ದರು. ಒಳಗೆ ಹೋಗುತ್ತಾರೆ ಎಂದುಕೊಂಡು ನಾನು ದಾರಿ ಬಿಟ್ಟು ನಿಂತೆ. ಹೋಗಲಿಲ್ಲ. ಗೋಡೆಯ ಹತ್ತಿರ ಹೋಗಿ ಫ್ಯಾನನ್ನು ಇನ್ನೊಂದು ನಂಬರು ಜೋರು ಮಾಡಿ, ಬಂದು, ಮತ್ತೆ ಮಣೆಯ ಮೇಲೆ ಕೂತರು.